ಸೆರಗಿನ ಗಂಟು

ನಮ್ಮವ್ವನ ಹತ್ತಿರ ಪರ್ಸ್ ಎಂಬುದು ಎಂದೂ ಇರಲಿಲ್ಲ. ನಾನು ನೌಕರಿಗೆ ಸೇರಿದ ಮೊದಲ ತಿಂಗಳು ಕಂದು ಬಣ್ಣದ ಒಂದು ಪರ್ಸ್ ತಂದುಕೊಟ್ಟಿದ್ದೆ. ಆಕೆ ಅದರಲ್ಲಿ ಲವಂಗ, ಯಾಲಕ್ಕಿ ತುಂಬಿ ಅಡುಗೆಮನೆಯ ಮಾಡದಲ್ಲಿಟ್ಟಳು. ಇಟ್ಟುಕೊಳ್ಳಬೇಕಾದದ್ದೆಲ್ಲ ಇರುತ್ತಿದ್ದುದು ಸೀರೆಯ ಸೆರಗಿನ ತುದಿಯಲ್ಲಿ, ಬಿಗಿಯಾದ ಒಂದು ಗಂಟಿನೊಳಗೆ. ಮನೆಯ ಬೀಗದ ಕೈ, ಬಸ್ಸಿನ ಟಿಕೀಟು, ಮಠದಲ್ಲಿ ಕೊಟ್ಟ ಸಕ್ಕರೆ, ವಿಭೂತಿಯ ಚೂರು, ನನ್ನ ಮುರಿದ ಕಿವಿಯೋಲೆ. ಸಾಲೆಯಿಂದ ಬಂದವಳೇ ನಾನು ಮೊದಲು ಹಿಡಿಯುತ್ತಿದ್ದುದು ಆ ಗಂಟನ್ನು. ಅದಕ್ಕಿಂತ ಭದ್ರವಾದ ಜಾಗ ಜಗತ್ತಿನಲ್ಲಿ ಇನ್ನೊಂದಿದೆ ಎಂದು ನಾನು ನಂಬಿರಲೇ ಇಲ್ಲ. ಕೆಟ್ಟದ್ದು ಅಲ್ಲಿಯೇ.

ಸುತ್ತಿ ಬಳಸಿ ಹೇಳುವ ಸ್ವಭಾವ ನನ್ನದಲ್ಲ, ಹೇಳಿಬಿಡುತ್ತೇನೆ. ಅವ್ವ ಸಾಯುವ ನಾಲ್ಕು ದಿನ ಮೊದಲು ಆಕೆಯ ಮೈಮೇಲಿನ ಲಿಂಗ ತೆಗೆದವಳು ನಾನು. ಅದನ್ನು ಕಳೆದವಳೂ ನಾನೇ.

ನಮ್ಮ ಪೈಕಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಇಷ್ಟು ಹೇಳುತ್ತೇನೆ. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅಂದಿನಿಂದ ಅದು ಮೈಮೇಲೆಯೇ ಇರಬೇಕು. ದಿನವೂ ಎಡಗೈಯ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಸತ್ತಾಗ ನಮ್ಮವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ, ಆಗಲೂ ಲಿಂಗ ಎಡಗೈಯಲ್ಲಿಯೇ ಇರುತ್ತದೆ. ಇದನ್ನೆಲ್ಲ ಕಟ್ಟುನಿಟ್ಟಾಗಿ ನಡೆಸುವವರು ಈಗ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ಅವ್ವ ನಡೆಸುತ್ತಿದ್ದಳು. ಇದೊಂದನ್ನು ಬಿಟ್ಟು ಬೇರೆ ಯಾವ ಹಟವೂ ಆಕೆಗೆ ಇರಲಿಲ್ಲ.

ಅವ್ವನ ತವರು ಉಪ್ಪಿನಬೆಟಗೇರಿ. ಅಪ್ಪನದು ಸುಳ್ಳ. ಅಲ್ಲಿ ಎರಡೆಕರೆ ಎರೆಹೊಲ ಇತ್ತು, ಈಗಲೂ ಇದೆ. ಅಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ತೂಕ ಮಾಡುವ ಕೆಲಸಕ್ಕಿದ್ದ. ನನಗೆ ಹನ್ನೊಂದು, ಅಣ್ಣನಿಗೆ ಹದಿನಾಲ್ಕು ಆಗಿದ್ದಾಗ ಒಂದು ಮಧ್ಯಾಹ್ನ ತಕ್ಕಡಿಯ ಹತ್ತಿರವೇ ಕುಸಿದು ಹೋದ. ಅಳುವುದಕ್ಕೆ ಅವ್ವ ಎಷ್ಟು ದಿನ ತೆಗೆದುಕೊಂಡಳೋ ನನಗೆ ನೆನಪಿಲ್ಲ. ಹದಿನೈದು ದಿನಕ್ಕೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿನಲ್ಲಿ ನಿಂತಿದ್ದಳು ಎಂಬುದು ಮಾತ್ರ ನೆನಪಿದೆ. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಆ ವರ್ಷವೇ ಮಾರಿ ನಮ್ಮಿಬ್ಬರ ಸಾಲೆಗೆ ಹಾಕಿದಳು. ಅಂದಿನಿಂದ ಆಕೆಯ ಲಿಂಗ ಬಿಳಿ ಅರಿವೆಯ ತುಂಡೊಂದರಲ್ಲಿ, ದಾರಕ್ಕೆ ಕಟ್ಟಿಕೊಂಡು ಕೊರಳಲ್ಲಿ ಇರುತ್ತಿತ್ತು.

ಜಿನ್ನಿನಲ್ಲಿ ಆಕೆಯ ಕೆಲಸ ಹತ್ತಿ ಆರಿಸುವುದು. ಯಂತ್ರಕ್ಕೆ ಹೋಗುವ ಮೊದಲು ಹತ್ತಿಯೊಳಗಿನ ಎಲೆಯ ಚೂರು, ಕಾಯಿಯ ಸಿಪ್ಪೆ, ಕಂದುಗಟ್ಟಿದ ತೊಳೆಗಳನ್ನು ಕೈಯಿಂದ ತೆಗೆಯಬೇಕು. ತಗಡಿನ ಚಪ್ಪರದ ಕೆಳಗೆ ಮೂವತ್ತು ನಲವತ್ತು ಹೆಂಗಸರು ಹತ್ತಿಯ ಗುಡ್ಡೆಯ ಸುತ್ತ ಕೂತಿರುತ್ತಿದ್ದರು. ದೀಪಾವಳಿ ದಾಟಿದ ಮೇಲೆ ಶುರುವಾದರೆ ಬಿರುಬಿಸಿಲಿನ ತನಕ ಅದೇ. ಅದು ಮುಗಿದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ವರ್ಷದಲ್ಲಿ ಆರು ತಿಂಗಳು ಅವ್ವನ ಮೂಗಿನೊಳಗೆ ಅರಳೆ, ಆರು ತಿಂಗಳು ಖಾರ. ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ನಾನು ಚಿಕ್ಕವಳಿದ್ದಾಗ ನಗುತ್ತಿದ್ದೆ, ಅವ್ವ ಇವತ್ತೇ ಮುದುಕಿಯಾಗಿಬಿಟ್ಟಳು ಎಂದು. ಆಕೆಯೂ ನಗುತ್ತಿದ್ದಳು, ನಕ್ಕು ಕೆಮ್ಮುತ್ತಿದ್ದಳು. ಆ ಕೆಮ್ಮು ಮುಂದೆ ಮೂವತ್ತು ವರ್ಷ ನಮ್ಮ ಮನೆಯಲ್ಲೇ ಉಳಿಯಿತು.

ದೊಡ್ಡವಳಾದ ಮೇಲೆ ನಾನು ಬೈಯಲು ಶುರು ಮಾಡಿದೆ. ಬಾಯಿಗೆ ಅರಿವೆ ಕಟ್ಟಿಕೋ, ಡಾಕ್ಟರಿಗೆ ತೋರಿಸು, ಕೆಲಸ ಬಿಡು. ನನ್ನ ಬಾಯಿ ಜೋರು. ಆಕೆ ಕೇಳಿಸಿಕೊಂಡು, ಕಸಬರಿಗೆಯಿಂದ ಸೀರೆ ಜಾಡಿಸುತ್ತ, "ಹತ್ತಿ ಎಷ್ಟು ಹಗರ ಇರ್ತೈತಿ. ಎದಿಯೊಳಗ ಹೋದ್ರ ಏನ್ ಭಾರ ಆಕ್ಕೈತಿ ಬಿಡ" ಎನ್ನುತ್ತಿದ್ದಳು.

ಬೆಳಗಿನ ಪಾಳಿ ಇದ್ದ ದಿನ ಮನೆಯಲ್ಲಿ ಪೂಜೆಗೆ ಹೊತ್ತು ಸಿಗುತ್ತಿರಲಿಲ್ಲ. ಜಿನ್ನಿನ ನಳದ ಹತ್ತಿರ ಕೈಕಾಲು ತೊಳೆದು, ಹತ್ತಿಯ ಅಂಡಿಗೆಗಳ ಮರೆಯಲ್ಲಿ ಕೂತು, ಎಡಗೈ ಮುಂದೆ ಚಾಚಿ ಅದರ ಮೇಲೆ ಲಿಂಗವಿಟ್ಟುಕೊಳ್ಳುತ್ತಿದ್ದಳು. ಊಟದ ಡಬ್ಬಿ ಕೊಡಲು ಹೋದಾಗ ನಾನು ಎಷ್ಟೋ ಸಲ ನೋಡಿದ್ದೇನೆ. ಯಂತ್ರದ ಸದ್ದಿಗೆ ನೆಲ ನಡುಗುತ್ತಿತ್ತು, ಆಕೆಯ ಅಂಗೈ ಮಾತ್ರ ಅಲುಗುತ್ತಿರಲಿಲ್ಲ. ಪೂಜೆ ಮುಗಿಸಿ ಬಲಗೈಯ ಹೆಬ್ಬೆರಳಿನಿಂದ ಲಿಂಗದ ನೆತ್ತಿಯನ್ನು ಒಮ್ಮೆ ಮೆಲ್ಲಗೆ ಸವರಿ ಅರಿವೆಯಲ್ಲಿ ಸುತ್ತುತ್ತಿದ್ದಳು. ಹಾಗೆ ಸವರಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಮಕ್ಕಳ ಹಣೆ ಸವರುವ ರೂಢಿ ಅದು, ನಮ್ಮಿಬ್ಬರಿಗೂ ಹಾಗೆಯೇ ಮಾಡುತ್ತಿದ್ದಳು.

ನನ್ನ ಲಿಂಗದ ಕಥೆ ಬೇರೆ. ಪಿಯುಸಿ ಓದುವಾಗ ಗೆಳತಿಯೊಬ್ಬಳು ನನ್ನ ಕೊರಳಿನ ದಾರ ಎಳೆದು, "ಇದೇನ ಲೇ, ಅಜ್ಜಿಗತೆ ಕಟಗೊಂಡಿ" ಎಂದು ಎಲ್ಲರ ಮುಂದೆ ನಕ್ಕಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಮನೆಗೆ ಬಂದು ದಾರ ಹರಿದು ದೇವರ ಜಗಲಿಯ ಮೇಲೆ ಒಗೆದೆ. ಒಗೆದೆ ಎಂದೇ ಬರೆಯುತ್ತೇನೆ, ಇಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಎತ್ತಿಕೊಂಡು ತೊಳೆದಳು, ವಿಭೂತಿ ಹಚ್ಚಿದಳು, ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ದೇವರ ಜಗಲಿಯ ಮೂಲೆಯಲ್ಲಿಟ್ಟಳು.

"ನೀ ಅದನ್ನ ಬಿಟ್ಟಿ. ಅದು ನಿನ್ನ ಬಿಟ್ಟಿಲ್ಲ" ಎಂದಳು. ಅಷ್ಟೇ.

ಮರುದಿನದಿಂದ ಅವ್ವ ಎರಡು ಪೂಜೆ ಮಾಡತೊಡಗಿದಳು. ಮೊದಲು ತನ್ನದು, ಅದನ್ನು ಕೊರಳಿಗೆ ಹಾಕಿಕೊಂಡ ಮೇಲೆ ಡಬ್ಬಿ ತೆಗೆದು ನನ್ನದು. ಒಬ್ಬರ ಲಿಂಗ ಇನ್ನೊಬ್ಬರು ಪೂಜಿಸುವ ಪದ್ಧತಿ ಇಲ್ಲ ಎಂದು ಅಯ್ಯನವರು ಒಮ್ಮೆ ಹೇಳಿದರು. "ಮಗಳು ಊಟಾ ಬಿಟ್ರ ತಾಯಿ ತುತ್ತು ಮಾಡಿ ಉಣಸೂದಿಲ್ಲೇನ್ರೀ ಅಪ್ಪಾರ?" ಎಂದು ಕೇಳಿದಳು ಅವ್ವ. ಅವರು ಚಹಾ ಕುಡಿದು ಹೋದರು.

ಆಕೆ ನೋಡಿದ ಊರುಗಳು ಕೈಬೆರಳಿನಲ್ಲಿ ಎಣಿಸುವಷ್ಟು, ಎಲ್ಲವೂ ದೇವರ ಊರುಗಳೇ. ಬಸ್ಸು ಹತ್ತಿದರೆ ವಾಂತಿ. ಕೂಡಲಸಂಗಮಕ್ಕೆ ಹೋದಾಗ ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡೇ ಹೋಗಿ ಬಂದಳು, ದಾರಿಯಲ್ಲಿ ಏನೇನಿತ್ತು ಎಂದು ಕೇಳಿದರೆ "ನಿಂಬಿಹಣ್ಣು ಇತ್ತು" ಎಂದಳು. ಅದಕ್ಕೇ ಇರಬೇಕು, ಶ್ರೀಶೈಲಕ್ಕೆ ನಡೆದೇ ಹೋಗುತ್ತೇನೆ ಎಂದು ಒಂದು ವರ್ಷ ಹಟ ಹಿಡಿದಳು. ಯುಗಾದಿಯ ಮುಂಚೆ ನಮ್ಮ ಕಡೆಯಿಂದ ಸಾವಿರಾರು ಜನ ಮಲ್ಲಯ್ಯನ ಹತ್ತಿರ ನಡೆದು ಹೋಗುತ್ತಾರೆ. ಜಿನ್ನಿನ ಐದು ಹೆಂಗಸರ ಜೊತೆ ಆಕೆಯೂ ಹೊರಟಳು. ಆಗಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ನಾನು ಮೂರು ದಿನ ಮಾತು ಬಿಟ್ಟೆ. ಅಣ್ಣ ಹೊಸ ಚಪ್ಪಲಿ ತಂದುಕೊಟ್ಟ. ಅದನ್ನು ಮನೆಯಲ್ಲೇ ಬಿಟ್ಟು ಬರಿಗಾಲಿನಲ್ಲಿ ಹೋದಳು.

ಹದಿನೆಂಟು ದಿನಕ್ಕೆ ತಿರುಗಿ ಬಂದಳು, ವಾಂತಿ ಮಾಡುತ್ತ, ಬಸ್ಸಿನಲ್ಲಿ. ಅಂಗಾಲಿನ ಚರ್ಮ ಸುಲಿದು ಕೈಗೆ ಬರುತ್ತಿತ್ತು. ನಾನು ಬಿಸಿನೀರಿನಲ್ಲಿ ಕಾಲು ಅದ್ದಿ ತೊಳೆಯುತ್ತ ಬೈಯುತ್ತಲೇ ಇದ್ದೆ. ಆಕೆ ಸೆರಗಿನ ಗಂಟು ಬಿಚ್ಚತೊಡಗಿದಳು. ಪ್ರಸಾದ ಎಂದುಕೊಂಡೆ. ಒಳಗೆ ನನ್ನ ಲಿಂಗ ಇತ್ತು. ಹೋಗುವಾಗ ಡಬ್ಬಿಯಿಂದ ತೆಗೆದು ಕಟ್ಟಿಕೊಂಡು ಹೋಗಿದ್ದಳು, ನನಗೆ ಗೊತ್ತೇ ಇರಲಿಲ್ಲ.

"ನಿಂದೂ ದರ್ಶನ ಆತು. ಇನ್ನ ನಿನಗ ನಡಿಯೂ ತ್ರಾಸ ಇಲ್ಲ ನೋಡ" ಎಂದು ನಕ್ಕಳು.

"ದಾರ್ಯಾಗ ಕಳದಿದ್ರ ಏನ ಮಾಡ್ತಿದ್ದಿ?" ಎಂದೆ, ಸಿಟ್ಟಿಗೇ.

"ಸೆರಗಿನ ಗಂಟಿನಾಗಿಂದ ಏನರ ಕಳದೈತೇನ ಇಷ್ಟ ವರ್ಷದಾಗ?"

ಇಲ್ಲ, ಕಳೆದಿರಲಿಲ್ಲ.

ನಾನು ಧಾರವಾಡದ ಸಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮದುವೆಯಾಗಲಿಲ್ಲ. ಅಣ್ಣ ಹುಬ್ಬಳ್ಳಿಯಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಜಿನ್ನು ಮುಚ್ಚಿದ ಮೇಲೆ ಅವ್ವ ಕೆಲಗೇರಿಯ ನನ್ನ ಮನೆಗೆ ಬಂದಳು. ಆಕೆಗೆ ಆಗ ಅರವತ್ತರ ಮೇಲೆ. ಎದೆ ಕೆಟ್ಟಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಎಕ್ಸ್‌ರೇ ತೆಗೆಸಲು ಹೋದಾಗಲೆಲ್ಲ ಕೊರಳಿನದನ್ನು ತೆಗೆಯಿರಿ ಎನ್ನುತ್ತಿದ್ದರು, ಅವ್ವ ದಾರವನ್ನು ತಲೆಯ ಮೇಲಿಂದ ತೆಗೆದು ಲಿಂಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಆ ಹುಡುಗರು ನಕ್ಕು ಬಿಡುತ್ತಿದ್ದರು. ಪ್ರತಿ ಸಲ ಹೊರಗೆ ಬಂದಾಗ ಒಂದೇ ಮಾತು ಹೇಳುತ್ತಿದ್ದಳು, "ನನ್ನ ಎಲ್ಲಿಗರ ಒಯ್ಯಿ, ಇದನ್ನ ಮಾತ್ರ ಬ್ಯಾರೆ ಮಾಡಬ್ಯಾಡ."

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ಪೂಜೆಗೆ ಕೂತವಳಿಗೆ ಉಸಿರು ತಿರುಗಲಿಲ್ಲ. ತುಟಿ ನೀಲಿಗಟ್ಟಿತು. ಆಟೋದಲ್ಲಿ ಹಾಕಿಕೊಂಡು ಸಮೀಪದ ಸಣ್ಣ ಆಸ್ಪತ್ರೆಗೆ ಒಯ್ದೆ. ದಾರಿಯಲ್ಲೇ ವಾಂತಿಯಾಗಿ ಸೀರೆಯೆಲ್ಲ ಹೊಲಸಾಯಿತು. ಐಸಿಯು ಬಾಗಿಲಿನಲ್ಲಿ ಸಿಸ್ಟರ್ ಹಸಿರು ಅಂಗಿಯೊಂದನ್ನು ನನ್ನ ಕೈಗೆ ಕೊಟ್ಟು, "ಅಕ್ಕಾರ, ಸೀರಿ ತಗದು ಇದನ್ನ ಹಾಕ್ರಿ. ಕೊರಳಾಗಿಂದು, ಕೈಯಾಗಿಂದು ಎಲ್ಲಾ ತಗೀರಿ. ಒಳಗ ಏನೂ ಬಿಡೂದಿಲ್ಲ. ಲಗೂ ಮಾಡ್ರಿ" ಎಂದಳು.

ಅವ್ವ ಆಗಲೇ ಲಿಂಗವನ್ನು ಮುಷ್ಟಿಯೊಳಗೆ ಹಿಡಿದಿದ್ದಳು. ಎಕ್ಸ್‌ರೇಯಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ ಎಂದುಕೊಂಡಿರಬೇಕು. ಸಿಸ್ಟರ್ ತಲೆ ಅಲ್ಲಾಡಿಸಿದಳು. ಬೆರಳಿಗೆ ಏನೋ ಹಚ್ಚಬೇಕು, ಎರಡೂ ಕೈ ಖಾಲಿ ಇರಬೇಕು. ನಾನು ಅವ್ವನ ಬೆರಳುಗಳನ್ನು ಬಿಡಿಸಿದೆ. ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಹೀಗೆ ಒಂದೊಂದಾಗಿ. ಹೆಬ್ಬೆರಳು ಬಿಡಿಸಲು ನಾನು ಎರಡೂ ಕೈ ಬಳಸಬೇಕಾಯಿತು. ಉಸಿರೇ ಇಲ್ಲದವಳಿಗೆ ಆ ಬಲ ಎಲ್ಲಿಂದ ಬಂದಿತ್ತೋ.

"ಬ್ಯಾಡ ಯವ್ವಾ" ಎಂದಳು.

"ಸುಮ್ನಿರವ್ವಾ. ಒಂದ್ ತಾಸಿನ ಮಾತು. ನಾ ಇಲ್ಲೇ ಇರ್ತೇನಿ" ಎಂದು ಗದರಿದೆ. ಹೌದು, ಗದರಿದೆ. ಸಾಲೆಯಲ್ಲಿ ಮಕ್ಕಳನ್ನು ಗದರುವ ದನಿಯಲ್ಲೇ.

ಅವರು ಆಕೆಯನ್ನು ಒಳಗೆ ಒಯ್ದರು. ನನ್ನ ಕೈಯಲ್ಲಿ ಒಂದು ಹೊಲಸು ಸೀರೆ, ಒಂದು ಲಿಂಗ. ಒಬ್ಬ ಹುಡುಗಿ ಔಷಧದ ಚೀಟಿ ಕೊಟ್ಟು ಈಗಲೇ ತರಬೇಕು ಎಂದಳು. ನನ್ನ ಕೊರಳಿಗೆ ಹಾಕಿಕೊಳ್ಳಬಹುದಿತ್ತು, ಆದರೆ ಇನ್ನೊಬ್ಬರ ಲಿಂಗ ಕೊರಳಿಗೆ ಹಾಕಿಕೊಳ್ಳಬಾರದು ಎಂದು ಚಿಕ್ಕಂದಿನಲ್ಲಿ ಕೇಳಿದ್ದು ಎಲ್ಲಿಂದಲೋ ಬಂದು ಅಡ್ಡ ನಿಂತಿತು. ಇಪ್ಪತ್ತೈದು ವರ್ಷ ನನ್ನದನ್ನೇ ಕಟ್ಟದವಳಿಗೆ ಆ ಹೊತ್ತಿನಲ್ಲಿ ಎಲ್ಲಿಲ್ಲದ ಮಡಿ. ನನ್ನ ಚೀಲದ ಜಿಪ್ಪು ಕಿತ್ತಿತ್ತು. ಕೈ ತಾನಾಗಿಯೇ ಅವ್ವನ ಸೆರಗಿನ ತುದಿ ಹುಡುಕಿತು. ಲಿಂಗವನ್ನು ಅದರಲ್ಲಿಟ್ಟು, ಆಕೆ ಹಾಕುತ್ತಿದ್ದ ಹಾಗೆಯೇ ಬಿಗಿಯಾಗಿ ಗಂಟು ಹಾಕಿದೆ. ಸೀರೆ ಮಡಚಿ ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು ಔಷಧಕ್ಕೆ ಓಡಿದೆ.

ಕಾಲು ತಾಸಿನಲ್ಲಿ ತಿರುಗಿ ಬಂದಾಗ ಕುರ್ಚಿ ಖಾಲಿ ಇತ್ತು.

ಹೊಲಸು ಅರಿವೆ ಎಂದು ಯಾರೋ ಅದನ್ನು ಹಾಸಿಗೆಯ ಚಾದರುಗಳ ಜೊತೆ ಸೇರಿಸಿದ್ದರು. ಗಾಡಿ ಹೋಗಿಯಾಗಿತ್ತು. ಯಾರನ್ನು ಬೈಯುವುದು? ನಾನು ಎಲ್ಲರನ್ನೂ ಬೈದೆ. ಆಸ್ಪತ್ರೆಯ ಬಟ್ಟೆಗಳೆಲ್ಲ ಕೆಲಗೇರಿ ಕೆರೆಯ ಹತ್ತಿರ ಒಗೆಯುವವರೊಬ್ಬರಿಗೆ ಹೋಗುತ್ತವೆ ಎಂದು ಕೊನೆಗೆ ಗೊತ್ತಾಯಿತು. ನನ್ನ ಮನೆಯಿಂದ ನಡೆದರೆ ಹತ್ತು ನಿಮಿಷ. ಅಣ್ಣ ಬಂದು ಬಾಗಿಲ ಮುಂದೆ ಕೂತ ಮೇಲೆ, ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಕೆರೆಗೆ ಹೋದೆ.

ಸೀರೆ ಸಿಕ್ಕಿತು. ಒಗೆದು ಹಗ್ಗದ ಮೇಲೆ ಹರವಿದ್ದರು. ನಸುಹಳದಿ ಬಣ್ಣದ ಇಳಕಲ್ ಸೀರೆ, ದೂರದಿಂದಲೇ ಗುರುತಾಯಿತು. ಸೆರಗಿನ ತುದಿಯಲ್ಲಿ ಗಂಟಿನ ಸುಕ್ಕು ಇನ್ನೂ ಇತ್ತು. ಗಂಟು ಇರಲಿಲ್ಲ.

ಒಗೆಯುವವರು ವಯಸ್ಸಾದವರು. ನಾನು ಅತ್ತು ಕೂಗಾಡುವುದನ್ನು ಕೇಳಿ, ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ಬಟ್ಟೆಗಳಲ್ಲಿ ಸಿಕ್ಕ ಬೀಗದ ಕೈ, ಗುಂಡಿ, ತಾಯತ, ಕಟ್ಟು ಹಲ್ಲು, ಮೂಗುತಿ. ಲಿಂಗ ಇರಲಿಲ್ಲ.

"ನಮ್ಮ ಸೊಸಿ ಗಂಟು ಬಿಚ್ಚೇ ನೀರಾಗ ಹಾಕ್ಯಾಳ್ರಿ ಅಕ್ಕಾರ. ಅರಿವ್ಯಾಗ ಏನೋ ಕರೇ ಹರಳು ಇತ್ತು, ಝಾಡಿಸಿ ನೀರಿಗೆ ಚೆಲ್ಲಿದೆ ಅಂತಾಳ. ಆಕಿಗೆ ಏನ ಗೊತ್ತ್ರಿ? ದೇವರು ಅಂತ ಗೊತ್ತಿದ್ರ ಚೆಲ್ಲತಿದ್ಲೇನ್ರಿ?"

ಎಲ್ಲಿ ಝಾಡಿಸಿದಳು ಎಂದು ಆ ಹೆಣ್ಣುಮಗಳು ಬಂದು ತೋರಿಸಿದಳು. ಕಲ್ಲಿನ ಪಕ್ಕದ ನೀರು. ನಾನು ಚಪ್ಪಲಿ ಬಿಟ್ಟು ಮೊಣಕಾಲ ತನಕ ಇಳಿದೆ. ಕೆಸರು, ಬಾಟಲಿಯ ಚೂರು, ಪ್ಲಾಸ್ಟಿಕ್ಕು. ಕೈಗೆ ಸಿಕ್ಕ ಕಲ್ಲನ್ನೆಲ್ಲ ಎತ್ತಿ ನೋಡಿದೆ, ಆಕೆಯೂ ಇಳಿದು ನೋಡಿದಳು. ಕೆರೆಯ ತಳದಲ್ಲಿ ಎಲ್ಲ ಕಲ್ಲುಗಳೂ ಕಪ್ಪಗೇ ಇರುತ್ತವೆ. ಹೊತ್ತು ಇಳಿಯುವ ತನಕ ಹುಡುಕಿ, ಒದ್ದೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ.

ಮೂರನೆಯ ದಿನ ಅವ್ವನನ್ನು ಐಸಿಯುನಿಂದ ವಾರ್ಡಿಗೆ ತಂದರು. ಮೂಗಿಗೆ ಆಕ್ಸಿಜನ್ ನಳಿಗೆ, ಆದರೆ ಎಚ್ಚರ ಇತ್ತು. ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿಕೊಂಡಳು. ಎಡಗೈಯನ್ನು ಹಾಸಿಗೆಯಿಂದ ಸ್ವಲ್ಪ ಎತ್ತಿ, ಅಂಗೈ ಅಗಲಿಸಿ ನನ್ನ ಮುಂದೆ ಹಿಡಿದಳು. ಖಾಲಿ ಅಂಗೈ. ನೀರೂ ಬೇಡ. ಡಾಕ್ಟರು ಬಂದು, ಹೀಗಾದರೆ ಮೂಗಿನಿಂದ ನಳಿಗೆ ಇಳಿಸಿ ಉಣಿಸಬೇಕಾಗುತ್ತದೆ, ಈ ಎದೆಗೆ ಅದನ್ನು ತಡೆಯುವ ಶಕ್ತಿ ಇಲ್ಲ ಎಂದರು. ಅಣ್ಣನಿಗೆ ಏನೂ ಗೊತ್ತಿರಲಿಲ್ಲ. "ಅವ್ವನ ಲಿಂಗ ತಂದು ಕೊಡ, ಏನ ನೋಡ್ಕೋತ ನಿಂತಿ?" ಎಂದು ರೇಗಿದ. ಅವನ ಸಿಟ್ಟು ನನ್ನ ಸಿಟ್ಟಿನ ಅಣ್ಣ. ಹೇಳುವ ಧೈರ್ಯ ನನಗಾಗಲಿಲ್ಲ. ಮನೆಯಲ್ಲಿಟ್ಟಿದ್ದೇನೆ, ತರುತ್ತೇನೆ ಎಂದೆ.

ಮನೆಗೆ ಬಂದು ದೇವರ ಜಗಲಿಯ ಮೂಲೆಯ ಡಬ್ಬಿ ತೆಗೆದೆ. ನನ್ನ ಲಿಂಗ. ಇಪ್ಪತ್ತೈದು ವರ್ಷದ ಮೇಲೆ ಮುಟ್ಟುತ್ತಿದ್ದೆ. ನೇರಳೆಹಣ್ಣಿನಂತೆ ಕಪ್ಪಗೆ, ನುಣ್ಣಗೆ. ಅವ್ವನದೂ ಹೀಗೇ ಇತ್ತು, ಯಾರಿಗೆ ಗೊತ್ತಾಗುತ್ತದೆ? ಆಕೆಯ ಕಣ್ಣಲ್ಲಿ ಪೊರೆ ಬೆಳೆದು ವರ್ಷವಾಗಿತ್ತು. ಹಳೆಯ ಬಿಳಿ ಅರಿವೆ ಹರಿದು ಅದರಲ್ಲಿ ಸುತ್ತಿದೆ. ದಾರವನ್ನು ಅರಿಶಿನ ನೀರಿನಲ್ಲಿ ಅದ್ದಿ ಹಳೆಯದರಂತೆ ಮಾಡಿದೆ. ಕಳ್ಳರಿಗೂ ಇಷ್ಟು ಬುದ್ಧಿ ಇರುವುದಿಲ್ಲ.

ಅವ್ವನ ಎಡಗೈಯಲ್ಲಿ ಇಟ್ಟೆ. ಬಲಗೈ ಹೆಬ್ಬೆರಳು ನಿಧಾನವಾಗಿ ಬಂದು ಅದರ ನೆತ್ತಿಯ ಮೇಲೆ ಕೂತಿತು. ಸವರಿತು, ನಿಂತಿತು. ಇನ್ನೊಮ್ಮೆ ಸವರಿತು. ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಮುಖ ತಿರುಗಿಸಿ ಗಂಜಿಯ ಬಟ್ಟಲು ತೆಗೆದುಕೊಂಡೆ. ಆಕೆ ಕಣ್ಣು ಮುಚ್ಚಿ ಪೂಜೆ ಮಾಡಿದಳು, ತುಟಿ ಅಲುಗುತ್ತಿದ್ದುದು ಕಾಣುತ್ತಿತ್ತು. ಆಮೇಲೆ ಬಾಯಿ ತೆರೆದಳು. ನಾಲ್ಕು ಚಮಚ ಗಂಜಿ. ಅಣ್ಣ ಹೊರಗೆ ಹೋಗಿ ಅತ್ತು ಬಂದ. ಗೆದ್ದೆ ಎಂದುಕೊಂಡೆ ನಾನು. ನಿಜವಾಗಿಯೂ ಹಾಗೆಯೇ ಅಂದುಕೊಂಡೆ.

ಎರಡು ದಿನ ಹಾಗೆ ನಡೆಯಿತು. ಐದನೆಯ ದಿನ ಬೆಳಗ್ಗೆ ಸ್ನಾನಕ್ಕೆಂದು ನಾನು ಮನೆಗೆ ಹೋಗಿದ್ದಾಗ ಅವ್ವ ಹೋದಳು. ಬಂದಾಗ ಎಡಗೈ ಮುಚ್ಚಿಯೇ ಇತ್ತು.

ಸುಳ್ಳದ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ ತಗ್ಗು ತೋಡಿದರು. ಅವ್ವನನ್ನು ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹೂ ಮುಡಿಸಿ ಇಳಿಸಿದರು. ಅಯ್ಯನವರು ಆಕೆಯ ಕೈ ಬಿಡಿಸಿ ಅರಿವೆ ತೆಗೆದು ನೋಡಿದರು. ಹಳಬರು, ಅವ್ವನನ್ನು ಬಲ್ಲವರು. ಮೇಲೆ ನಿಂತಿದ್ದ ನನ್ನತ್ತ ತಿರುಗಿ, "ತಾಯಿಯವರ ಲಿಂಗ ಇದೇ ಹೌದಲ್ಲವಾ?" ಎಂದರು. ಕೇಳುವುದು ರೂಢಿಯೋ ಅಥವಾ ಅವರಿಗೆ ಏನಾದರೂ ಅನ್ನಿಸಿತೋ, ಗೊತ್ತಿಲ್ಲ. ಅಣ್ಣ ಪಕ್ಕದಲ್ಲಿದ್ದ. ಊರ ಜನ ಇದ್ದರು.

"ಹೌದ್ರೀ ಅಪ್ಪಾರ" ಎಂದೆ.

ಅವರು ಅದನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಪತ್ರಿ, ವಿಭೂತಿ, ಆಮೇಲೆ ಮಣ್ಣು. ನಾನೂ ಮೂರು ಹಿಡಿ ಹಾಕಿದೆ. ತನ್ನದಲ್ಲದಿದ್ದರೂ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನದ ಮೇಲೆ ಮೂರು ತಿಂಗಳು ದೂಡಿದೆ.

ಮೂರು ತಿಂಗಳ ಮೇಲೆ ಯಾವುದೋ ಕಾಗದಕ್ಕಾಗಿ ಮತ್ತೆ ಆ ಆಸ್ಪತ್ರೆಗೆ ಹೋಗಬೇಕಾಯಿತು. ವರಾಂಡದಲ್ಲಿ ಒಬ್ಬ ಆಯಾ ನನ್ನನ್ನು ನೋಡಿ ಬಕೀಟು ಕೆಳಗಿಟ್ಟು ಬಂದಳು. ವಾರ್ಡಿನಲ್ಲಿ ಅವ್ವನ ಮೈ ಒರೆಸುತ್ತಿದ್ದವಳು ಅವಳೇ.

"ಅಕ್ಕಾರ, ನಿಮ್ಮನ್ನ ಎಷ್ಟು ಹುಡುಕಿದೆ ರೀ. ನಿಮ್ಮವ್ವಾರು ನನಗೊಂದು ಮಾತು ಹೇಳಿದ್ರು."

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ, ಅದರಲ್ಲಿ ನನ್ನದೇನೂ ಸೇರಬಾರದು.

"ಮೈ ಒರಸೂಮುಂದ ಕೈಯಾಗಿಂದು ಒಂದೀಟು ಬಾಜೂಕ ಇಡ್ರೀ ಅಂದ್ನಿ. ಕೊಟ್ರು. 'ಹುಷಾರಲೆ ಇಡ ತಂಗಿ, ಇದು ನಂದಲ್ಲ, ನನ್ನ ಮಗಳದು' ಅಂದ್ರು. 'ಇಪ್ಪತ್ತೈದು ವರ್ಷ ನನ್ನ ಕೈಯಾಗ ಆಡೇತಿ, ನನಗ ಗುರ್ತ ಸಿಗೂದಿಲ್ಲೇನು' ಅಂದ್ರು. 'ನಂದು ಎಲ್ಲೋ ಕಳದಾಳ. ಹೇಳಾಕ ಅಂಜಾಕತ್ತಾಳ. ನನಗ ಗೊತ್ತಾಗೇತಿ ಅಂತ ಆಕಿ ಮುಂದ ಹೇಳಬ್ಯಾಡ, ಎದಿ ಒಡಕೋತಾಳ' ಅಂದ್ರು. ಆಮ್ಯಾಲ ನನ್ನ ಕೈ ಹಿಡದು..."

ಅಷ್ಟು ಹೇಳಿ ಆಯಾ ತನ್ನ ಅಂಗೈ ನೋಡಿಕೊಂಡಳು. ನಾನು ಹೇಳು ಎಂದೆ.

"ನನ್ನ ಕೈ ಹಿಡದು ಅಂದ್ರು, 'ನಾ ಹೋದಮ್ಯಾಲ ಇದನ್ನ ನನ್ನ ಕೈಯಾಗಿಂದ ತಗದು ಆಕಿ ಕೈಯಾಗ ಕೊಡ. ನನ್ನ ಜೋಡಿ ಮಣ್ಣಾಗ ಹೋಗಬಾರದು. ನಾ ಬರಿಗೈಲೆ ಹೋಗ್ತೇನಿ, ನಡೀತೈತಿ. ಆಕಿಗೆ ಮುಂದ ಯಾರೂ ಇಲ್ಲ, ಇದಾದ್ರೂ ಇರ್ಲಿ' ಅಂದ್ರು. ನಾ ಹೂಂ ಅಂದಿದ್ನಿರೀ ಅಕ್ಕಾರ. ಅವರು ಹ್ವಾದ ದಿನ ನನ್ನ ತಂಗಿ ಲಗ್ನ ಇತ್ತು, ಊರಿಗೆ ಹೋಗಿದ್ನಿ. ಬಂದು ಕೇಳಿದ್ರ ಎಲ್ಲಾ ಮುಗದೈತಿ ಅಂದ್ರು."

ಆಯಾ ಅಳತೊಡಗಿದಳು. ತಪ್ಪು ನಿನ್ನದಲ್ಲ ಎಂದು ಹೇಳಿ ಅವಳ ಬೆನ್ನ ಮೇಲೆ ಕೈಯಿಟ್ಟೆ. ನನಗೆ ಅಳು ಬರಲಿಲ್ಲ. ನೀರು ಕೂಡ ಮುಟ್ಟದವಳು ಆ ನಾಲ್ಕು ಚಮಚ ಗಂಜಿ ಯಾಕೆ ಕುಡಿದಳು ಎಂಬುದು ನನಗೆ ಆ ಮೆಟ್ಟಿಲ ಮೇಲೆ ತಿಳಿಯಿತು. ನಾನು ಮೋಸ ಮಾಡಿದೆ ಎಂದುಕೊಂಡಿದ್ದೆ. ಆಕೆ ನನ್ನ ಮೋಸವನ್ನು ನನಗಾಗಿ ನುಂಗಿದ್ದಳು.

ಅವ್ವ ತೀರಿ ವರ್ಷ ತುಂಬುವ ದಿನ ಅಣ್ಣ ಬೆಳಗ್ಗೆಯೇ ಕೆಲಗೇರಿಗೆ ಬಂದ. ಸುಳ್ಳಕ್ಕೆ ಒಟ್ಟಿಗೆ ಹೋಗುವುದಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಿಯ ಕಿಸೆಯಿಂದ ಕಾಗದದ ಒಂದು ಪೊಟ್ಟಣ ತೆಗೆದ. ಒಳಗೆ ಲಿಂಗ ಕಟ್ಟುವ ಹೊಸ ಶಿವದಾರ.

"ದವಾಖಾನ್ಯಾಗ ಅವ್ವ ನನ್ನ ಕಡೆ ಆಣಿ ಮಾಡಿಸಿಕೊಂಡಿದ್ಲು" ಎಂದ. "ವರ್ಷ ಆಗೂದರೊಳಗ ತಂಗಿ ಕೊರಳಾಗ ಆಕಿ ಲಿಂಗ ಕಟ್ಟಸು ಅಂತ. ನಿನ್ನ ಸಿಟ್ಟಿಗೆ ಅಂಜಿ ಇಷ್ಟು ದಿನ ಸುಮ್ನಿದ್ದೆ. ಇವತ್ತ ಇಲ್ಲ ಅನಬ್ಯಾಡ."

ಅವನು ಎದ್ದು ಜಗಲಿಯ ಹತ್ತಿರ ಹೋದ. ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಒಣಗಿದ ವಿಭೂತಿಯ ಪುಡಿ ಮಾತ್ರ ಇತ್ತು. ಅವನು ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದ, ಜಗಲಿಯ ಮೇಲೆ ಕೈಯಾಡಿಸಿ ನೋಡಿದ, ಆಮೇಲೆ ನನ್ನನ್ನು ನೋಡಿದ.

ನಾನು ಹೇಳಿದೆ. ಕುರ್ಚಿಯ ಮೇಲಿನ ಸೀರೆಯಿಂದ ಹಿಡಿದು ಅಯ್ಯನವರಿಗೆ ಹೌದು ಎಂದದ್ದರ ತನಕ, ಆಯಾ ಹೇಳಿದ್ದನ್ನೂ ಬಿಡದೆ. ಕೆರೆಯ ಮಾತೊಂದನ್ನು ಮಾತ್ರ ಬಾಯಿಗೆ ತರಲಾಗಲಿಲ್ಲ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಅಲ್ಲಿಂದಲೇ ಕೇಳಿದ್ದು ಒಂದೇ ಮಾತು.

"ಹಂಗಾದ್ರ ಅವ್ವಂದು ಎಲ್ಲೈತಿ?"

ನಾನು ಕಿಟಕಿಯ ಆಚೆ ಕೈ ತೋರಿಸಿದೆ. ನಮ್ಮ ಮನೆಯ ಹಿಂದಿನ ಕಿಟಕಿಯಿಂದ ಕೆಲಗೇರಿ ಕೆರೆ ಕಾಣುತ್ತದೆ.